ಮೈಸೂರಿನ ಬೆಂಕಿ, ಮಾರಿಕಣಿವೆಯ ನೀರು

ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ಕನ್ನಡದಲ್ಲಿದೆ. ಉರ್ದುವಿನಲ್ಲೂ ಇದೇ ಮಾತು ಇದೆ: 'ಆಗ್ ಲಗ್‌ನೇ ಪರ್ ಕುವಾಂ ಖೋದ್‌ನಾ'. ಎರಡು ಭಾಷೆಯ ಜನರೂ ಒಂದೇ ಮಾತನ್ನು ಕಂಡುಕೊಂಡಿದ್ದಾರೆ ಎಂದ ಮೇಲೆ ಇಬ್ಬರೂ ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡಿದ್ದಾರೆ ಎಂದೇ ಅರ್ಥ. ಬೆಂಕಿ ಹೇಳಿ ಕೇಳಿ ಬರುವುದಿಲ್ಲ. ಬಾವಿಯನ್ನು ಮಾತ್ರ ಮೊದಲೇ ತೋಡಿಡಬಹುದು.

ಕರ್ನಾಟಕದ ಇತಿಹಾಸದಲ್ಲಿ ಒಂದು ನಗರದ ನಡುಮನೆಯನ್ನೇ ಸುಟ್ಟ ಬೆಂಕಿ ಎಂದರೆ 1897ರ ಫೆಬ್ರುವರಿ ಕೊನೆಯಲ್ಲಿ ಮೈಸೂರಿನ ಕೋಟೆಯೊಳಗೆ ಎದ್ದ ಬೆಂಕಿ. ಆ ಬೆಂಕಿಯಲ್ಲಿ ಮರದ ಅರಮನೆ ಸುಟ್ಟಿತು, ಈಗಿನ ಅರಮನೆ ಎದ್ದಿತು. ಶಾಲೆಯ ಪುಸ್ತಕದಲ್ಲಿ ನಾವು ಓದಿದ್ದು ಇಷ್ಟೇ. ಈ ಕತೆಗೆ ಚಿತ್ರದುರ್ಗ ಸೀಮೆಯಲ್ಲಿ ಇನ್ನೊಂದು ಅರ್ಧವಿದೆ. ಹಿರಿಯೂರಿನ ಹತ್ತಿರ ಎರಡು ಗುಡ್ಡಗಳ ನಡುವೆ ನಿಂತಿರುವ ಆ ಅರ್ಧವನ್ನು ಜನ ಮಾರಿಕಣಿವೆ ಎನ್ನುತ್ತಾರೆ. ಕಾಗದಪತ್ರಗಳಲ್ಲಿ ಅದರ ಹೆಸರು ವಾಣಿವಿಲಾಸ ಸಾಗರ. ಅರಮನೆ ಸುಟ್ಟಾಗ ರಾಜ್ಯದ ಹೊಣೆ ಹೊತ್ತಿದ್ದ ಹೆಣ್ಣುಮಗಳ ಹೆಸರೇ ಆ ನೀರಿಗೂ ಇದೆ. ಎರಡನ್ನೂ ಒಟ್ಟಿಗೆ ಇಟ್ಟು ಓದಿದರೆ ಬೆಂಕಿಯ ಬಗ್ಗೆ ನಮಗೆ ಬೇಕಾದ ಕೆಲವು ಮಾತುಗಳು ಸಿಗುತ್ತವೆ.

ಮದುವೆ ಮನೆಯ ಬೆಂಕಿ

ಹತ್ತನೇ ಚಾಮರಾಜೇಂದ್ರ ಒಡೆಯರ್ 1894ರ ಡಿಸೆಂಬರ್‌ನಲ್ಲಿ ಕಲ್ಕತ್ತೆಗೆ ಹೋದವರು ಅಲ್ಲಿಯೇ ತೀರಿಕೊಂಡರು. ಗಂಟಲಮಾರಿ ರೋಗ ಅವರನ್ನು ಬಲಿ ತೆಗೆದುಕೊಂಡಿತ್ತು. ಮಗ ಕೃಷ್ಣರಾಜನಿಗೆ ಆಗ ಹತ್ತು ವರ್ಷ. ಮಹಾರಾಣಿ ಕೆಂಪನಂಜಮ್ಮಣ್ಣಿಯವರಿಗೆ ಇಪ್ಪತ್ತೆಂಟು. ಗಂಡನನ್ನು ಕಳೆದುಕೊಂಡ ಆ ವಯಸ್ಸಿನ ಹೆಣ್ಣುಮಗಳನ್ನು ನಮ್ಮ ಸಮಾಜ, ಅದು ಯಾವ ಜಾತಿಯದಾಗಲಿ ಯಾವ ಧರ್ಮದ್ದಾಗಲಿ, ಒಂದು ಕೋಣೆಯ ಕತ್ತಲಿಗೆ ತಳ್ಳುತ್ತಿದ್ದ ಕಾಲವದು. ಅವರು ರೀಜೆಂಟರಾಗಿ 1895ರಿಂದ 1902ರವರೆಗೆ ಮೈಸೂರು ಸಂಸ್ಥಾನವನ್ನು ನಡೆಸಿದರು. 'ವಾಣಿವಿಲಾಸ ಸನ್ನಿಧಾನ' ಎಂಬುದು ಅವರ ಬಿರುದು.

ಅವರ ಹಿರಿಯ ಮಗಳು ಜಯಲಕ್ಷಮ್ಮಣ್ಣಿ. ಎಂ. ಕಾಂತರಾಜ ಅರಸು ಅವರೊಂದಿಗೆ ಆಕೆಯ ಮದುವೆ ಗೊತ್ತಾಗಿತ್ತು. ಮುಂದೆ ಇದೇ ಕಾಂತರಾಜ ಅರಸು ಮೈಸೂರಿನ ದಿವಾನರೂ ಆದರು. ಮಹಾರಾಜರು ತೀರಿಕೊಂಡ ಮೇಲೆ ಎರಡು ವರ್ಷ ಮೌನವಾಗಿದ್ದ ಅರಮನೆಗೆ ಈ ಮದುವೆಯಿಂದ ಮತ್ತೆ ಕಳೆ ಬಂದಿತ್ತು. ಆ ಸಂಭ್ರಮದ ದಿನಗಳಲ್ಲೇ ಬೆಂಕಿ ಬಿತ್ತು.

ಅಂದಿನ ಮದುವೆ ಮನೆಯನ್ನು ಕಲ್ಪಿಸಿಕೊಳ್ಳಿ. ವಿದ್ಯುತ್ ದೀಪ ಇನ್ನೂ ಬಂದಿಲ್ಲ. ಬೆಳಕು ಎಂದರೆ ಎಣ್ಣೆ, ಬತ್ತಿ, ಹಿಲಾಲು. ಅಡುಗೆ ಎಂದರೆ ಸೌದೆ ಒಲೆ. ಚಪ್ಪರ ಎಂದರೆ ಬಿದಿರು, ಗರಿ, ಬಟ್ಟೆ. ಕಾಲ ಎಂದರೆ ಮಾಘದ ಕೊನೆ, ಮರಗಳ ಎಲೆ ಉದುರಿ ನೆಲ ಒಣಗುವ ಹೊತ್ತು. ಇವೆಲ್ಲದರ ಹಿಂದೆ ನಿಂತಿದ್ದದ್ದು ತೊಂಬತ್ತು ಬೇಸಿಗೆ ಕಂಡು ಒಣಗಿದ ಮರದ ಅರಮನೆ. ಬಣ್ಣ ಬಳಿದ ಕೆತ್ತನೆಯ ಕಂಬಗಳು, ದಂತ ಮತ್ತು ಬೆಳ್ಳಿ ಹೊದಿಸಿದ ಬಾಗಿಲುಗಳು, ಮಹಾರಾಜರು ಅತಿಥಿಗಳನ್ನು ಕಾಣುತ್ತಿದ್ದ ಮೇಲುಪ್ಪರಿಗೆಯ ಅಂಬಾವಿಲಾಸ. ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ಇವನ್ನೆಲ್ಲ ವರ್ಣಿಸಿದ್ದಾರೆ. ಆ ಗೆಜೆಟಿಯರ್‌ನ ಪರಿಷ್ಕೃತ ಆವೃತ್ತಿ ಹೊರಬಂದದ್ದೂ 1897ರಲ್ಲೇ. ಅಚ್ಚಿನಲ್ಲಿ ಅರಮನೆ ಓದುಗರ ಕೈಗೆ ಬಂದ ವರ್ಷವೇ ಅದು ನೆಲದ ಮೇಲೆ ಇಲ್ಲವಾಯಿತು.

ಅರಮನೆ ಎಂದರೆ ಇವತ್ತು ನಾವು ಟಿಕೆಟ್ ಕೊಂಡು ನೋಡುವ, ಸುತ್ತ ಬಯಲಿರುವ ಕಟ್ಟಡ ಎಂದುಕೊಳ್ಳಬೇಡಿ. ಆಗಿನ ಕೋಟೆಯೇ ಒಂದು ಊರು. ಸುಮಾರು 450 ಗಜ ಉದ್ದದ ಗೋಡೆಗಳ ಚೌಕದೊಳಗೆ ಅರಮನೆ, ಗುಡಿಗಳು, ಅರಮನೆಯ ನೌಕರರ ಮನೆಗಳು, ಇಕ್ಕಟ್ಟಾದ ಬೀದಿಗಳು. ಮೈಸೂರು ನಗರ ಬೆಳೆದದ್ದೇ ಈ ಚೌಕದ ಸುತ್ತ. ಆದ್ದರಿಂದಲೇ ಆ ಬೆಂಕಿ ಒಂದು ಮನೆತನದ ನಷ್ಟವಾಗಿ ಉಳಿಯಲಿಲ್ಲ, ನಗರದ ರೂಪವನ್ನೇ ಬದಲಿಸಿತು.

ಮುಂದಿನ ವರ್ಷ, 1898ರಲ್ಲಿ, ಪ್ಲೇಗ್ ಬಂತು. ಇಕ್ಕಟ್ಟು ಬೀದಿಗಳಲ್ಲಿ ಬೆಂಕಿ ಹಬ್ಬುವಂತೆಯೇ ರೋಗವೂ ಹಬ್ಬುತ್ತದೆ ಎಂಬುದು ಒಂದರ ಹಿಂದೆ ಒಂದರಂತೆ ಬಂದ ಈ ಎರಡು ಪೆಟ್ಟುಗಳಿಂದ ಸ್ಪಷ್ಟವಾಯಿತು. 1903ರಲ್ಲಿ ಮೈಸೂರಿಗೆ ನಗರಾಭಿವೃದ್ಧಿ ಮಂಡಳಿ ಬಂತು. ಅಗಲವಾದ ರಸ್ತೆಗಳ ಹೊಸ ಬಡಾವಣೆಗಳು ಹುಟ್ಟಿದವು. ಕೋಟೆಯೊಳಗಿನ ಮನೆಗಳು ಕ್ರಮೇಣ ಖಾಲಿಯಾದವು. ಅರಮನೆಯ ಸುತ್ತ ಇಂದು ಕಾಣುವ ಬಯಲು ಒಂದು ಕಾಲದಲ್ಲಿ ಜನರ ಅಂಗಳವಾಗಿತ್ತು, ಅಲ್ಲಿ ರಂಗೋಲಿ ಬಿಡುತ್ತಿದ್ದರು, ಮಕ್ಕಳು ಆಡುತ್ತಿದ್ದರು ಎಂಬುದನ್ನು ದೀಪಾಲಂಕಾರ ನೋಡುವವರು ನೆನೆಯುವುದು ಕಡಿಮೆ.

ಕಲ್ಲು ಮರಗಳ ಅಲೆದಾಟ

ಸುಟ್ಟುಹೋದ ಅರಮನೆಯೂ ಒಂದು ಅಳಿವಿನ ಮೇಲೆ ಎದ್ದದ್ದೇ. ಟಿಪ್ಪು ಸುಲ್ತಾನರು ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಸ್ವಲ್ಪ ದೂರದ ಎತ್ತರದ ಜಾಗದಲ್ಲಿ ನಜರ್‌ಬಾದ್ ಎಂಬ ಹೊಸ ಕೋಟೆ ಕಟ್ಟಿಸಲು ತೊಡಗಿದ್ದರು. ಹಳೆಯ ಕೋಟೆಯ ಕಲ್ಲುಗಳೇ ಅಲ್ಲಿಗೆ ಹೋದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವೇ ಕಲ್ಲುಗಳನ್ನು ವಾಪಸು ಹೊತ್ತು ತಂದು ಮೈಸೂರಿನ ಕೋಟೆಯನ್ನು ಮತ್ತೆ ಕಟ್ಟಿದರು. ಐದು ವರ್ಷದ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟ ಕಟ್ಟುವಾಗ ಅರಮನೆಯೇ ಇರಲಿಲ್ಲ, ಚಪ್ಪರ ಹಾಕಿ ಪಟ್ಟ ಕಟ್ಟಬೇಕಾಯಿತು. ಆಮೇಲೆ ಅವಸರದಲ್ಲಿ ಎದ್ದದ್ದೇ 1803ರ ಮರದ ಅರಮನೆ.

ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪುವಿನ ಅರಮನೆಯ ಗತಿಯೂ ಹೀಗೆಯೇ. ಅದನ್ನು ಬಿಚ್ಚಿ ಹಾಕಿದರು. ಅದರ ತೊಲೆಗಳು ಊಟಿಗೆ ಹೋಗಿ ಅಲ್ಲಿನ ಸೇಂಟ್ ಸ್ಟೀಫನ್ ಚರ್ಚಿನ ಮಾಡನ್ನು ಹೊತ್ತವು. ಸುಲ್ತಾನನ ಮನೆಯ ಮರ ಇಗರ್ಜಿಯ ಸೂರಿಗೆ, ಒಡೆಯರ ಕೋಟೆಯ ಕಲ್ಲು ಸುಲ್ತಾನನ ಕೋಟೆಗೆ, ಅಲ್ಲಿಂದ ಮತ್ತೆ ಒಡೆಯರ ಕೋಟೆಗೆ. ಯಾವ ಕಲ್ಲು ಯಾರದು, ಯಾವ ತೊಲೆ ಯಾರದು ಎಂದು ಇತಿಹಾಸದಲ್ಲಿ ಗೆರೆ ಎಳೆಯಲು ಹೊರಟವರು ಈ ಅಲೆದಾಟವನ್ನು ಒಮ್ಮೆ ಗಮನಿಸಬೇಕು. ಹೊತ್ತವರು ಮಾತ್ರ ಪ್ರತಿ ಸಲವೂ ಒಂದೇ ಜನ. ಕಲ್ಲು ಒಡೆಯುವವರು, ಗಾಡಿ ಹೊಡೆಯುವವರು, ಗಾರೆ ಕೆಲಸದವರು.

1897ರ ನಂತರ ಮರದ ಮೇಲಿನ ನಂಬಿಕೆ ಹೋಯಿತು. ಹೊಸ ಅರಮನೆಯ ವಿನ್ಯಾಸವನ್ನು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ಒಪ್ಪಿಸಿದರು. ಬೂದು ಬಣ್ಣದ ಕಗ್ಗಲ್ಲು, ಇಟ್ಟಿಗೆ, ಗ್ಲಾಸ್ಗೋದಿಂದ ಬಂದ ಎರಕದ ಕಬ್ಬಿಣದ ಕಂಬಗಳು, ಕಲ್ಯಾಣ ಮಂಟಪದ ಬಣ್ಣದ ಗಾಜು. ಮದುವೆಯ ಹೊತ್ತಿನಲ್ಲಿ ಸುಟ್ಟ ಅರಮನೆಯ ಜಾಗದಲ್ಲಿ ಎದ್ದ ಈ ಮದುವೆ ಮಂಟಪವನ್ನು ಕಬ್ಬಿಣ ಮತ್ತು ಗಾಜಿನಲ್ಲಿ ಕಟ್ಟಿದ್ದಾರೆ. ಕೆಲಸ ಮುಗಿಯಲು 1912 ಬರಬೇಕಾಯಿತು. ಖರ್ಚು 41,47,913 ರೂಪಾಯಿ. ಅಲ್ಲಿಯವರೆಗೆ ಅರಸರ ಕಾರ್ಯಗಳೆಲ್ಲ ಜಗನ್ಮೋಹನ ಅರಮನೆಯಲ್ಲಿ ನಡೆದವು. 1902ರ ಆಗಸ್ಟ್ 8ರಂದು ನಾಲ್ವಡಿ ಕೃಷ್ಣರಾಜರು ವೈಸರಾಯ್ ಕರ್ಜನ್ ಎದುರು ಅಧಿಕಾರ ವಹಿಸಿಕೊಂಡದ್ದೂ ಅಲ್ಲಿಯೇ.

ಮದುಮಗಳು ಜಯಲಕ್ಷಮ್ಮಣ್ಣಿಯವರಿಗಾಗಿ 1905ರಲ್ಲಿ ಜಯಲಕ್ಷ್ಮೀ ವಿಲಾಸ ಎಂಬ ಮಹಲು ಎದ್ದಿತು. ಅದೀಗ ಮಾನಸಗಂಗೋತ್ರಿಯ ಆವರಣದಲ್ಲಿದೆ. ಒಳಗೆ ಜಾನಪದ ವಸ್ತುಸಂಗ್ರಹಾಲಯ: ನೇಗಿಲು, ಕುಕ್ಕೆ, ಬೀಸುಕಲ್ಲು, ತೊಗಲುಗೊಂಬೆ. ಆ ಸಂಗ್ರಹಕ್ಕಾಗಿ ಹಳ್ಳಿ ಹಳ್ಳಿ ಸುತ್ತಿದವರಲ್ಲಿ ನಮ್ಮ ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರು ಪ್ರಮುಖರು. ಅರಮನೆಯ ಮಗಳ ಮಹಲಿನಲ್ಲಿ ಕೊನೆಗೂ ಬಡವರ ಮನೆಯ ಸಾಮಾನುಗಳಿಗೆ ಜಾಗ ಸಿಕ್ಕಿತು.

ಬೆಂಕಿಯ ನಂತರದ ಬೆಂಕಿ

ದೊಡ್ಡ ಬೆಂಕಿಗಳ ಚರಿತ್ರೆಯಲ್ಲಿ ಎರಡು ಭಾಗಗಳಿರುತ್ತವೆ. ಮೊದಲನೆಯದರಲ್ಲಿ ಊರು ಸುಡುತ್ತದೆ. ಎರಡನೆಯದರಲ್ಲಿ ಯಾರ ಮೇಲೆ ಹೊರಿಸುವುದು ಎಂದು ಜನ ಹುಡುಕುತ್ತಾರೆ.

ಲಂಡನ್ ನಗರ 1666ರ ಸೆಪ್ಟೆಂಬರ್‌ನಲ್ಲಿ ನಾಲ್ಕು ದಿನ ಉರಿಯಿತು. ಪುಡ್ಡಿಂಗ್ ಲೇನ್ ಎಂಬ ಓಣಿಯ ಒಂದು ಬೇಕರಿಯಲ್ಲಿ ಹುಟ್ಟಿದ ಬೆಂಕಿ ಸುಮಾರು 13,200 ಮನೆಗಳನ್ನೂ 87 ಚರ್ಚುಗಳನ್ನೂ ನುಂಗಿತು. ಕಾರಣ ಕಣ್ಣೆದುರಿಗೇ ಇತ್ತು: ಮರದ ಮನೆಗಳು, ಇಕ್ಕಟ್ಟಾದ ಓಣಿಗಳು, ಒಣ ಬೇಸಿಗೆ, ಬಿರುಗಾಳಿ. ಆದರೆ ಜನ ಹುಡುಕಿದ್ದು ಫ್ರೆಂಚರನ್ನು, ಡಚ್ಚರನ್ನು, ಕ್ಯಾಥೊಲಿಕರನ್ನು. ಬೀದಿಯಲ್ಲಿ ಸಿಕ್ಕ ಪರದೇಶಿಗಳಿಗೆ ಏಟು ಬಿತ್ತು. ರಾಬರ್ಟ್ ಹ್ಯೂಬರ್ಟ್ ಎಂಬ ಫ್ರೆಂಚ್ ಗಡಿಯಾರದವನು, ಬುದ್ಧಿ ಸ್ಥಿಮಿತವಿಲ್ಲದವನು, ತಾನೇ ಹಚ್ಚಿದೆ ಎಂದ. ಅವನನ್ನು ನೇಣಿಗೆ ಹಾಕಿದರು. ಬೆಂಕಿ ಹುಟ್ಟಿದ ಹೊತ್ತಿಗೆ ಅವನು ಲಂಡನ್ನಿಗೇ ಬಂದಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಆದರೂ ಬೆಂಕಿಯ ನೆನಪಿಗೆ ಕಟ್ಟಿದ ಸ್ತಂಭದ ಮೇಲೆ ಕ್ಯಾಥೊಲಿಕರನ್ನು ದೂರುವ ಮಾತುಗಳನ್ನು 1681ರಲ್ಲಿ ಕೆತ್ತಿಸಿದರು. ಅದನ್ನು ಕೊನೆಯದಾಗಿ ಅಳಿಸಿದ್ದು 1830ರಲ್ಲಿ. ಊರು ಸುಟ್ಟದ್ದು ನಾಲ್ಕು ದಿನ, ಸುಳ್ಳು ಕಲ್ಲಿನ ಮೇಲೆ ನಿಂತದ್ದು ಹೆಚ್ಚುಕಡಿಮೆ ಒಂದೂವರೆ ಶತಮಾನ.

ಅಮೆರಿಕದ ಶಿಕಾಗೋ ನಗರದ ಪೇಟೆ 1871ರ ಅಕ್ಟೋಬರ್‌ನಲ್ಲಿ ಸುಟ್ಟಿತು. ಸುಮಾರು 300 ಜನ ಸತ್ತರು, ಒಂದು ಲಕ್ಷದಷ್ಟು ಜನ ಮನೆ ಕಳೆದುಕೊಂಡರು. ಓಲಿಯರಿ ಎಂಬ ಬಡ ಐರಿಷ್ ಹೆಂಗಸಿನ ಹಸು ಲಾಟೀನು ಒದ್ದದ್ದೇ ಕಾರಣ ಎಂದು ಪತ್ರಿಕೆಗಳು ಬರೆದವು. ಆಕೆ ಹೊರಗಿನಿಂದ ವಲಸೆ ಬಂದವಳು, ಕ್ಯಾಥೊಲಿಕಳು, ಹಾಲು ಮಾರಿ ಬದುಕುವವಳು. ದೂರು ಹೊರಿಸಲು ಇಷ್ಟು ಸಾಕಾಯಿತು. ಆ ಕತೆಗೆ ಆಧಾರವಿಲ್ಲ ಎಂದು ಶಿಕಾಗೋ ನಗರಸಭೆ ಆಕೆಯನ್ನು ನಿರ್ದೋಷಿ ಎಂದು ಸಾರಿದ್ದು 1997ರಲ್ಲಿ. ಅಷ್ಟರಲ್ಲಿ ಆಕೆ ಸತ್ತು ನೂರು ವರ್ಷ ಕಳೆದಿತ್ತು.

ಈ ಎರಡು ನಗರಗಳ ಪಕ್ಕದಲ್ಲಿ ಮೈಸೂರನ್ನು ಇಟ್ಟು ನೋಡಬೇಕು. ಕೋಟೆಯೊಳಗೂ ಹೊರಗೂ ನಾನಾ ಜಾತಿ ಧರ್ಮದ ಜನ ದುಡಿಯುತ್ತಿದ್ದ ಊರು ಅದು. ಒಡೆಯರು ಮತ್ತು ಸುಲ್ತಾನರ ನಡುವಿನ ಹಳೆಯ ಲೆಕ್ಕವನ್ನು ಕೆದಕಬೇಕೆಂದರೆ ಕೆದಕಬಹುದಿತ್ತು. ಆದರೆ 1897ರ ಬೆಂಕಿ ಇತಿಹಾಸದಲ್ಲಿ ಉಳಿದದ್ದು ಮದುವೆ ಮನೆಯಲ್ಲಿ ಆದ ಒಂದು ಅವಘಡವಾಗಿ. ಯಾವ ಕೇರಿಯ ಹೆಸರೂ ಅದಕ್ಕೆ ಅಂಟಿಕೊಳ್ಳಲಿಲ್ಲ. ಹೊಸ ಅರಮನೆಯ ಎದುರು ಯಾರನ್ನಾದರೂ ದೂರುವ ಕಲ್ಲು ನಿಂತಿಲ್ಲ. ಸುಟ್ಟ ಮೇಲೆ ಜನ ಕೇಳಿದ್ದು ಇನ್ನು ಯಾವುದರಲ್ಲಿ ಕಟ್ಟೋಣ ಎಂದು. ಆ ಪ್ರಶ್ನೆಯಿಂದ ಒಂದು ಕಟ್ಟಡ ಎದ್ದಿತು. ಇನ್ನೊಂದು ಪ್ರಶ್ನೆ ಕೇಳಿದ್ದರೆ ಏಳುತ್ತಿದ್ದದ್ದು ಬೇರೆ. ಆ ಇನ್ನೊಂದು ಪ್ರಶ್ನೆಯನ್ನು ನಮ್ಮ ಕಾಲದಲ್ಲಿ ಎಷ್ಟೋ ಊರುಗಳು ಕೇಳಿವೆ. ಅದರ ಫಲವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಓಲೆಗರಿಯಲ್ಲಿ ಮಲಗಿದ್ದ ಕಾನೂನು

ಬೆಂಕಿಯಾದ ಎಂಟು ವರ್ಷಕ್ಕೆ ಅದೇ ಮೈಸೂರಿನಲ್ಲಿ ಒಂದು ಘಟನೆ ನಡೆಯಿತು. ಅಲ್ಲಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಒಂದು ಓಲೆಗರಿ ಕಟ್ಟನ್ನು ಕೊಟ್ಟರು. 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿದಾಗ ಅದು ಕೌಟಿಲ್ಯನ ಅರ್ಥಶಾಸ್ತ್ರ ಎಂದು ತಿಳಿಯಿತು. 1909ರಲ್ಲಿ ಅದು ಅಚ್ಚಾಯಿತು. ರಾಜನೀತಿಯ ಕುಟಿಲ ತಂತ್ರಗಳಿಗಾಗಿ ಎಲ್ಲರೂ ಆ ಗ್ರಂಥವನ್ನು ನೆನೆಯುತ್ತಾರೆ. ಆದರೆ ಅದರಲ್ಲಿ ನಗರದ ಅಧಿಕಾರಿಯ ಕರ್ತವ್ಯಗಳನ್ನು ಹೇಳುವ ಒಂದು ಅಧ್ಯಾಯವಿದೆ. ಅಲ್ಲಿ ಬೆಂಕಿಯ ಬಗ್ಗೆ ಹೇಳಿರುವುದು ನಮ್ಮ ಪುರಸಭೆಗಳು ಇಂದೂ ಓದಬೇಕಾದ ಮಾತು.

ಬೇಸಿಗೆಯಲ್ಲಿ ನಡು ಹಗಲು ಮನೆಯೊಳಗೆ ಒಲೆ ಹಚ್ಚಬಾರದು, ಹಚ್ಚಿದರೆ ದಂಡ. ಅಡುಗೆ ಮಾಡಲೇಬೇಕಾದರೆ ಹೊರಗೆ ಮಾಡಬೇಕು. ಪ್ರತಿ ಮನೆಯಲ್ಲೂ ನೀರಿನ ಗಡಿಗೆಗಳು, ಏಣಿ, ಕೊಡಲಿ, ಕೊಕ್ಕೆ, ಚರ್ಮದ ಚೀಲ ಇರಬೇಕು, ಇಲ್ಲದಿದ್ದರೆ ಅದಕ್ಕೂ ದಂಡ. ಹುಲ್ಲು ಚಾಪೆಗಳ ಹೊದಿಕೆಯನ್ನು ತೆಗೆಸಬೇಕು. ಬೆಂಕಿಯ ಜೊತೆ ಕೆಲಸ ಮಾಡುವವರು ಒಂದೇ ಕಡೆ ನೆಲೆಸಬೇಕು. ಬೀದಿಗಳಲ್ಲಿ, ನಾಲ್ಕು ದಾರಿ ಕೂಡುವಲ್ಲಿ, ಊರ ಬಾಗಿಲಲ್ಲಿ ಸಾವಿರ ಸಾವಿರ ನೀರಿನ ಪಾತ್ರೆಗಳನ್ನು ಸಾಲಾಗಿ ಇಟ್ಟಿರಬೇಕು. ಬೆಂಕಿ ಬಿದ್ದಾಗ ಆರಿಸಲು ಓಡಿ ಬಾರದ ಮನೆಯ ಯಜಮಾನನಿಗೆ 12 ಪಣ ದಂಡ, ಬಾಡಿಗೆಯವನಿಗೆ 6 ಪಣ. ಉಳ್ಳವನಿಗೆ ಹೆಚ್ಚು, ಇಲ್ಲದವನಿಗೆ ಅರ್ಧ ಎಂಬ ವಿವೇಕವೂ ಅದರಲ್ಲಿದೆ.

ಇದೇ ಎಚ್ಚರ ನಮ್ಮ ಮನೆಗಳಲ್ಲಿ ಬೇರೆ ದಾರಿಯಿಂದ ಬಂದಿದೆ. ಮದೀನದಲ್ಲಿ ಒಂದು ರಾತ್ರಿ ಮನೆಯೊಂದು ಒಳಗಿದ್ದವರ ಸಮೇತ ಸುಟ್ಟಿತು. ಸುದ್ದಿ ಕೇಳಿದ ಪ್ರವಾದಿಯವರು (ಸ) ಬೆಂಕಿ ನಿಮಗೆ ಶತ್ರು, ಮಲಗುವ ಮುನ್ನ ಅದನ್ನು ಆರಿಸಿರಿ ಎಂಬರ್ಥದ ಮಾತು ಹೇಳಿದರೆಂದು ಹದೀಸ್ ಸಂಗ್ರಹಗಳಲ್ಲಿದೆ. ಅಜ್ಜಿಯರು ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ, ಚಿಮಣಿ ದೀಪ ಊದಿ ಮಲಗುತ್ತಿದ್ದುದು ಎಣ್ಣೆ ಉಳಿಸುವ ಜಿಪುಣತನದಿಂದ ಮಾತ್ರ ಅಲ್ಲ.

ಅರ್ಥಶಾಸ್ತ್ರ ಹೇಳುವ ಚರ್ಮದ ಚೀಲ ಮುಂದೆ ಭಿಸ್ತಿಯ ಹೆಗಲೇರಿತು. ಭಿಸ್ತಿ ಎಂಬ ಮಾತು ಬಿಹಿಶ್ತ್, ಅಂದರೆ ಸ್ವರ್ಗ ಎಂಬ ಪಾರಸಿ ಶಬ್ದದಿಂದ ಬಂದದ್ದು. ಬಾಯಾರಿದವನಿಗೆ ನೀರು ಕೊಡುವವನು ಸ್ವರ್ಗದವನು ಎಂಬ ಭಾವ ಅದರಲ್ಲಿದೆ. ಚೌಸಾ ಯುದ್ಧದಲ್ಲಿ ಸೋತು ನದಿಗೆ ಬಿದ್ದ ಹುಮಾಯೂನನನ್ನು ತನ್ನ ತೊಗಲು ಚೀಲದ ಮೇಲೆ ತೇಲಿಸಿ ಉಳಿಸಿದ ಭಿಸ್ತಿಯ ಕತೆ ಎಲ್ಲರಿಗೂ ಗೊತ್ತು. ಕೊಳಾಯಿಯೂ ಇಲ್ಲದ, ಬೆಂಕಿ ಆರಿಸುವ ಬಂಡಿಯೂ ಇಲ್ಲದ ಕಾಲದಲ್ಲಿ ಸುಡುವ ಮನೆಗೆ ಓಡಿ ಬರುತ್ತಿದ್ದದ್ದು ಇಂಥ ಚೀಲಗಳು, ಕೊಡಗಳು ಮತ್ತು ಊರಿನವರ ಕೈಗಳು.

ಚಪ್ಪರ, ಡೇರೆ, ಸೆಟ್ಟು

ಇಷ್ಟೆಲ್ಲ ತಿಳಿದೂ ನಾವು ಕಲಿತದ್ದು ಕಡಿಮೆ. ಬೆಂಗಳೂರಿನಲ್ಲಿ 1981ರ ಫೆಬ್ರುವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. 92 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. 1989ರ ಫೆಬ್ರುವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನರ ಕುರಿತ ಟಿ.ವಿ. ಧಾರಾವಾಹಿಯ ಚಿತ್ರೀಕರಣದ ಸೆಟ್ಟು ಸುಟ್ಟು 62 ಜನ ಸತ್ತರು. ಸಡಿಲವಾದ ವೈರುಗಳು, ಗೋಡೆಗೆ ಹೊದಿಸಿದ ಗೋಣಿಚೀಲ, ಗಾಳಿ ಹೊರಹೋಗಲು ದಾರಿಯಿಲ್ಲದ ಕಟ್ಟಡ, ಕಾದ ದೊಡ್ಡ ದೀಪಗಳು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಅಡುಗೆಮನೆಯ ಬೆಂಕಿ ಗರಿಯ ಮಾಡಿಗೆ ಹತ್ತಿ 94 ಮಕ್ಕಳು ಸುಟ್ಟುಹೋದರು.

ಮೈಸೂರಿನ ಎರಡು ಬೆಂಕಿಗಳ ನಡುವೆ 92 ವರ್ಷಗಳ ಅಂತರವಿದೆ. ಮೊದಲನೆಯದರ ಕಾಲದಲ್ಲಿ ಎಣ್ಣೆ ದೀಪವಿತ್ತು. ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರ ಜೂನ್‌ನಲ್ಲಿ, ಅದೇ ಮಹಾರಾಣಿಯವರ ಆಡಳಿತದ ಕೊನೆಯ ದಿನಗಳಲ್ಲಿ. ಮೈಸೂರು ನಗರಕ್ಕೆ ಆ ಬೆಳಕು ಬಂದದ್ದು 1908ರಲ್ಲಿ. ಇನ್ನು ಬೆಂಕಿಯ ಭಯ ಹೋಯಿತು ಎಂದುಕೊಂಡಿದ್ದರೆ 1989ರಲ್ಲಿ ಆ ಬೆಳಕೇ ಸುಟ್ಟಿತು. ದೀಪ ಬದಲಾಯಿತು, ಅಜಾಗರೂಕತೆ ಬದಲಾಗಲಿಲ್ಲ. ಸಂಭ್ರಮದ ಗದ್ದಲ, ಒಣಗಿದ ಹೊದಿಕೆ, ಒಂದೇ ಬಾಗಿಲು ಕೂಡಿದ ಕಡೆಯೆಲ್ಲ ಅದೇ ಕತೆ.

ಕಣಿವೆಗೆ ಕಟ್ಟಿದ ಗೋಡೆ

ಈಗ ನಮ್ಮ ಸೀಮೆಗೆ ಬರೋಣ. ಮೈಸೂರಿನ ಅರಮನೆ ಸುಟ್ಟ ಮರು ವರ್ಷ, 1898ರಲ್ಲಿ, ಹಿರಿಯೂರಿನ ಬಳಿ ವೇದಾವತಿ ನದಿಗೆ ಅಡ್ಡಲಾಗಿ ಕಲ್ಲಿನ ಗೋಡೆ ಏಳಲು ಶುರುವಾಯಿತು. ಬೆಂಕಿಯಿಂದಾಗಿ ಅಣೆಕಟ್ಟು ಬಂತು ಎಂದು ನಾನು ಹೇಳುತ್ತಿಲ್ಲ. ಅದರ ಹಿಂದೆ ಇದ್ದದ್ದು ಬೇರೊಂದು ಉರಿ, 1876ರಿಂದ 1878ರವರೆಗಿನ ಮಹಾ ಕ್ಷಾಮ. ಆ ಬರದಲ್ಲಿ ಮೈಸೂರು ಸಂಸ್ಥಾನದ ಐದರಲ್ಲಿ ಒಂದು ಪಾಲು ಜನ ಅಳಿದರೆಂಬ ಅಂದಾಜಿದೆ. ಚಿತ್ರದುರ್ಗದಂಥ ಮಳೆ ಕಡಿಮೆಯ ಸೀಮೆಗಳು ಹೆಚ್ಚು ನೊಂದವು. ಆ ನೆನಪು ಹಸಿಯಾಗಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಇದ್ದರು, ಮೇಲೆ ಮಹಾರಾಣಿಯವರಿದ್ದರು. ರಾಜಧಾನಿಯಲ್ಲಿ ಬೂದಿ, ಊರೂರಲ್ಲಿ ಪ್ಲೇಗು. ಇಂಥ ಹೊತ್ತಿನಲ್ಲಿ ಇದ್ದ ಹಣವನ್ನೆಲ್ಲ ಅರಮನೆಗೇ ಸುರಿದಿದ್ದರೂ ಕೇಳುವವರಿರಲಿಲ್ಲ. ಅರಮನೆಯ ಕೆಲಸದ ಜೊತೆಗೇ ದೂರದ ಬರದ ನಾಡಿನ ನೀರಿನ ಕೆಲಸವೂ ನಡೆಯಿತು ಎಂಬುದೇ ಆ ಆಡಳಿತದ ದೊಡ್ಡ ಮಾತು.

ಕೆಲಸ 1907ರಲ್ಲಿ ಮುಗಿಯಿತು. ಗೋಡೆಯ ಉದ್ದ ಸುಮಾರು 1,330 ಅಡಿ. ನೀರು ನಿಲ್ಲುವ ಪೂರ್ಣ ಮಟ್ಟ 130 ಅಡಿ. ಹಿಡಿಯುವ ನೀರು ಸುಮಾರು 30 ಟಿಎಂಸಿ. ಕನ್ನಂಬಾಡಿಯ ಕೃಷ್ಣರಾಜಸಾಗರದ ಕೆಲಸ ಆರಂಭವಾದದ್ದೇ 1911ರಲ್ಲಿ. ಮೈಸೂರಿನ ಎಂಜಿನಿಯರುಗಳೂ ಕೂಲಿಕಾರರೂ ದೊಡ್ಡ ನದಿಯನ್ನು ಕಟ್ಟುವ ಪಾಠ ಕಲಿತದ್ದು ಮೊದಲು ಮಾರಿಕಣಿವೆಯಲ್ಲಿ. ಆ ಕಾವೇರಿಗೆ ಅಣೆ ಹಾಕುವ ಆಸೆಯೂ ಹಳೆಯದೇ. 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನರು ಅಡಿಗಲ್ಲು ಹಾಕಿದ್ದನ್ನು ಹೇಳುವ ಪಾರಸಿ ಶಾಸನ ಇಂದಿಗೂ ಕನ್ನಂಬಾಡಿಯಲ್ಲಿದೆ.

ವೇದಾವತಿಯ ಹುಟ್ಟೂ ಗಮನಿಸಬೇಕಾದದ್ದು. ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಹುಟ್ಟಿ, ಕಡೂರಿನ ಬಳಿ ಕೂಡಿ, ಹೊಸದುರ್ಗ ತಾಲ್ಲೂಕು ಹಾಯ್ದು ಹಿರಿಯೂರಿಗೆ ಬರುತ್ತವೆ. ಹಿಂದೂ ಮುಸ್ಲಿಮರಿಬ್ಬರೂ ಕೈಮುಗಿದು ಹತ್ತಿದ ಬೆಟ್ಟದ ನೀರು ಮಾರಮ್ಮನ ಕಣಿವೆಯಲ್ಲಿ ನಿಂತು ಎಲ್ಲರ ಗದ್ದೆ ತೋಟಕ್ಕೆ ಹರಿಯಿತು. ಬೆಟ್ಟದ ಹೆಸರಿಗೆ ಜಗಳವಾಡುವವರು ಬೆಟ್ಟದಿಂದ ಇಳಿಯುವ ನೀರನ್ನು ಕೇಳಲಿ.

ಈ ಜಲಾಶಯ 1933ರಲ್ಲಿ ಒಮ್ಮೆ ತುಂಬಿ ಕೋಡಿ ಬಿತ್ತು. ಮತ್ತೆ ಕೋಡಿ ಕಾಣಲು 89 ವರ್ಷ ಕಾಯಬೇಕಾಯಿತು. 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ನೋಡಲು ಹೋಯಿತು. 2025ರ ಜನವರಿಯಲ್ಲಿ ಮೂರನೆಯ ಸಲ ತುಂಬಿತು. ಈಗ ಭದ್ರೆಯ ನೀರೂ ಅದಕ್ಕೆ ಸೇರುತ್ತಿದೆ. ಚಿತ್ರದುರ್ಗ, ಹಿರಿಯೂರು ಪಟ್ಟಣಗಳು ಕುಡಿಯುವುದು ಈ ನೀರನ್ನೇ. ಹಾಗೆಂದು ಎಲ್ಲವೂ ಸುಖಾಂತವಲ್ಲ. 2022ರಲ್ಲಿ ಕೋಡಿ ಬಿದ್ದ ದಿನ ಹಿರಿಯೂರಿನಲ್ಲಿ ಸಂಭ್ರಮವಾದರೆ, ಹೊಸದುರ್ಗದ ಕಡೆ ಹಿನ್ನೀರಿನಲ್ಲಿ ರೈತರ ತೋಟಗಳು ಮುಳುಗಿದವು. ಒಬ್ಬರ ಬಾವಿ ಇನ್ನೊಬ್ಬರ ಹೊಲದಲ್ಲಿ ತೋಡಿದಂತೆ ಆಗಬಾರದು ಎಂಬ ಎಚ್ಚರವೂ ಇಲ್ಲಿ ಬೇಕು.

ಹೊಂಡ, ಕಲ್ಯಾಣಿ, ಹೌಜು

ಚಿತ್ರದುರ್ಗದ ಹಿರಿಯರಿಗೆ ಬೆಂಕಿ ಮತ್ತು ನೀರಿನ ಲೆಕ್ಕ ಗೊತ್ತಿತ್ತು. ಊರ ಪಕ್ಕದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಶಾಸನವಿದೆ. ಅದು ಹೇಳುವುದು ಒಂದು ಕೆರೆಯ ಕತೆ. ಅಂದರೆ ಸುಮಾರು ಸಾವಿರದ ಆರುನೂರು ವರ್ಷಗಳ ಹಿಂದೆಯೇ ಈ ಬಂಡೆಗಳ ನಾಡಿನ ದೊರೆ ಕಲ್ಲಿನ ಮೇಲೆ ಬರೆಸಲು ಯೋಗ್ಯವಾದದ್ದು ನೀರು ಎಂದು ತಿಳಿದಿದ್ದ. ಕೋಟೆಯಲ್ಲಿ ಮದ್ದು ಅರೆಯುತ್ತಿದ್ದ ದೊಡ್ಡ ಬೀಸುವ ಕಲ್ಲುಗಳನ್ನು ನೋಡಿದವರಿಗೆ ಅವು ತಗ್ಗಿನಲ್ಲಿ ಇರುವುದು ನೆನಪಿರಬಹುದು. ಮೇಲೆ ಗೋಪಾಲಸ್ವಾಮಿ ಹೊಂಡ, ಅದು ತುಂಬಿದರೆ ಅಕ್ಕತಂಗಿ ಹೊಂಡ, ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡ. ಒಂದು ಹನಿಯೂ ಸುಮ್ಮನೆ ಹರಿದು ಹೋಗದಂತೆ ಮಾಡಿದ ವ್ಯವಸ್ಥೆ. ಪೇಟೆಯ ಮಧ್ಯದಲ್ಲಿ ಸದಾ ನೀರು ನಿಂತಿರುತ್ತಿತ್ತು. ಗುಡಿಯಲ್ಲಿ ಕಲ್ಯಾಣಿ, ಮಸೀದಿಯಲ್ಲಿ ವುಜೂ ಮಾಡುವ ಹೌಜು. ಇವು ದೇವರ ಕೆಲಸಕ್ಕೆ ಇದ್ದವು ನಿಜ, ಬೆಂಕಿ ಬಿದ್ದಾಗ ಕೊಡ ಮುಳುಗಿಸಲು ಹತ್ತಿರದ ನೀರೂ ಇವೇ.

ನಮ್ಮ ಹಳ್ಳಿಗಳ ಮೊಹರಂ, ಜನರ ಬಾಯಲ್ಲಿ ಬಾಬಯ್ಯನ ಹಬ್ಬ, ಇದನ್ನೇ ಆಡಿ ತೋರಿಸುತ್ತದೆ. ಒಂದು ಕಡೆ ಅಲಾವಿ ಕುಣಿಯಲ್ಲಿ ನಿಗಿನಿಗಿ ಕೆಂಡ, ಇನ್ನೊಂದು ಕಡೆ ದಾರಿಹೋಕರಿಗೆಲ್ಲ ಬೆಲ್ಲದ ಪಾನಕ. ಕರ್ಬಲಾದಲ್ಲಿ ನೀರು ಸಿಗದೆ ಸತ್ತವರ ನೆನಪಿಗೆ ನೀರು ಹಂಚುವುದು. ಈ ಆಚರಣೆಯ ಬಗ್ಗೆ ನಮ್ಮವರಲ್ಲೇ ಭಿನ್ನಾಭಿಪ್ರಾಯಗಳಿವೆ, ಇರಲಿ. ಕೆಂಡ ಇರುವಲ್ಲಿ ಕೊಳಗ ತುಂಬ ನೀರೂ ಇರಬೇಕು ಎಂಬ ತಿಳಿವಳಿಕೆಯಲ್ಲಿ ಭಿನ್ನಾಭಿಪ್ರಾಯ ಬೇಡ.

ಇವತ್ತಿನ ನಮ್ಮ ಪೇಟೆಗಳನ್ನು ನೋಡಿ. ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಕೊಬ್ಬರಿ ಅಡಿಕೆಯ ದಾಸ್ತಾನು, ತೆಂಗಿನ ನಾರು. ಚಿತ್ರದುರ್ಗದ ಹಳೆಯ ಬೀದಿಗಳಲ್ಲಿ ಬಟ್ಟೆ ಅಂಗಡಿ, ಅದರ ಮೇಲೆ ಗೋದಾಮು, ಅದರ ಮೇಲೆ ಸಂಸಾರ, ಕೆಳಗೆ ಗ್ಯಾಸ್ ಒಲೆಯ ಹೋಟೆಲು. ಬೇಸಿಗೆಯಲ್ಲಿ ಹಳ್ಳಿಗಳ ಹುಲ್ಲಿನ ಬಣವೆಗಳು. ಹೆದ್ದಾರಿಯಲ್ಲಿ ಕಿಟಕಿ ಭದ್ರವಾಗಿ ಮುಚ್ಚಿದ ರಾತ್ರಿ ಬಸ್ಸುಗಳು. 2020ರ ಆಗಸ್ಟ್‌ನಲ್ಲಿ ಹಿರಿಯೂರಿನ ಬಳಿ ಇಂಥ ಒಂದು ಬಸ್ಸಿಗೆ ಬೆಂಕಿ ಹತ್ತಿ ಐವರು ಸುಟ್ಟುಹೋದರು, ಮಕ್ಕಳೂ ಸೇರಿ. ಹೊಂಡಗಳಲ್ಲಿ ಪ್ಲಾಸ್ಟಿಕ್ ತುಂಬಿದೆ. ಎಷ್ಟೋ ಮಸೀದಿಗಳಲ್ಲಿ ಹೌಜು ಮುಚ್ಚಿ ನಲ್ಲಿ ಹಾಕಿದ್ದೇವೆ, ಎಷ್ಟೋ ಗುಡಿಗಳಲ್ಲಿ ಕಲ್ಯಾಣಿ ಮುಚ್ಚಿ ಸಮುದಾಯ ಭವನ ಕಟ್ಟಿದ್ದೇವೆ. ಅಗ್ನಿಶಾಮಕ ಬಂಡಿ ತಿರುಗಲಾರದ ಓಣಿಯಲ್ಲಿ ಇನ್ನೊಂದು ಮಹಡಿ ಏರಿಸುತ್ತೇವೆ.

ಅಣೆಕಟ್ಟು ಕಟ್ಟಲು ಮಹಾರಾಣಿ ಬೇಕು, ದಿವಾನರು ಬೇಕು. ಹೌಜು ತೆರೆದಿಡಲು, ಕಲ್ಯಾಣಿಯ ಹೂಳೆತ್ತಲು ಅವರು ಬೇಕಿಲ್ಲ. ಮಸೀದಿ ಕಮಿಟಿಯವರೂ ದೇವಸ್ಥಾನದ ಸಮಿತಿಯವರೂ ವರ್ಷಕ್ಕೊಮ್ಮೆ, ಮಾಘ ಕಳೆದು ಬಿಸಿಲು ಏರುವ ಮೊದಲು, ಒಟ್ಟಿಗೆ ಕೂತು ತಮ್ಮ ಬೀದಿಯಲ್ಲಿ ನೀರು ಎಲ್ಲಿದೆ, ಏಣಿ ಎಲ್ಲಿದೆ, ಬಂಡಿ ಎಲ್ಲಿಂದ ಬರಬೇಕು, ಮೊದಲು ಯಾರಿಗೆ ಹೇಳಬೇಕು ಎಂದು ನೋಡಿಕೊಂಡರೆ ಸಾಕು. ಹೀಗೆ ಒಮ್ಮೆ ಒಟ್ಟಿಗೆ ಕೂತವರು, ನಾಳೆ ಬೆಂಕಿ ಬಿದ್ದರೆ ಒಬ್ಬರ ಮುಖ ಒಬ್ಬರು ಅನುಮಾನದಿಂದ ನೋಡುವುದಿಲ್ಲ, ಕೊಡ ಹಿಡಿದು ಸಾಲು ನಿಲ್ಲುತ್ತಾರೆ. ಮೊದಲೇ ತೋಡಿಡಬೇಕಾದ ಬಾವಿಗಳಲ್ಲಿ ಇದೂ ಒಂದು.